ಹೊಳೆಸಾಲಿನವರೇ, ಲೆಕ್ಕ ಕೇಳಿ

ಕುಮಾರಪಟ್ಟಣದವರೇ, ಕೊಡಿಯಾಲದವರೇ, ಕವಲೆತ್ತು, ನಲವಾಗಲ, ಮಾಕನೂರು, ಐರಣಿ, ಮೇಡ್ಲೇರಿಯವರೇ, ಒಂದು ಹಳೇ ಬಾಬತ್ತು ಎತ್ತುತ್ತಿದ್ದೇನೆ. ಎತ್ತಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಸಿಟ್ಟು ಬರುವಷ್ಟಾದರೂ ನೆನಪು ಉಳಿದಿದೆ ಎಂದಾಯಿತು.

2016ರ ಜುಲೈನಲ್ಲಿ ನಮ್ಮ ರಾಣೆಬೆನ್ನೂರು ಕ್ಷೇತ್ರದ ಶಾಸಕ ಕೆ.ಬಿ. ಕೋಳಿವಾಡರು ವಿಧಾನಸಭೆಯ ಸಭಾಧ್ಯಕ್ಷರಾದರು. 2018ರ ಮೇ ತಿಂಗಳಲ್ಲಿ ನಾವು ಅವರನ್ನು ಸೋಲಿಸಿ, ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಆರ್. ಶಂಕರ್ ಅವರನ್ನು ಗೆಲ್ಲಿಸಿದೆವು. ಇಡೀ ರಾಜ್ಯದಲ್ಲಿ ಆ ಪಕ್ಷದಿಂದ ಗೆದ್ದವರು ಅವರೊಬ್ಬರೇ. ಜೂನ್‌ನಲ್ಲಿ ಮಂತ್ರಿಯಾದರು. ಡಿಸೆಂಬರ್‌ನಲ್ಲಿ ಅವರನ್ನು ಸಂಪುಟದಿಂದ ಕೈಬಿಟ್ಟರು. 2019ರ ಜನವರಿಯಲ್ಲಿ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂತೆಗೆದುಕೊಂಡರು. ಜೂನ್‌ನಲ್ಲಿ ಅದೇ ಸರ್ಕಾರದಲ್ಲಿ ಮತ್ತೆ ಮಂತ್ರಿ. ಜುಲೈ ಮೊದಲಲ್ಲಿ ಮತ್ತೆ ರಾಜೀನಾಮೆ. ಜುಲೈ 25ರಂದು ಸಭಾಧ್ಯಕ್ಷ ರಮೇಶ್ ಕುಮಾರ್ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆ ಸರಿ ಎಂದಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್ 5ರಂದು ನಾವು ಮತ್ತೆ ಸಾಲಿನಲ್ಲಿ ನಿಂತೆವು. ಶಂಕರ್ ಅವರಿಗೆ ಟಿಕೆಟ್ ಸಿಗಲಿಲ್ಲ. ಬಿಜೆಪಿಯ ಅರುಣಕುಮಾರ ಗುತ್ತೂರ ಗೆದ್ದರು. 2020ರಲ್ಲಿ ಶಂಕರ್ ವಿಧಾನ ಪರಿಷತ್ತಿಗೆ ಹೋದರು, 2021ರ ಜನವರಿಯಲ್ಲಿ ಮತ್ತೆ ಮಂತ್ರಿಯಾದರು. 2023ರಲ್ಲಿ ಇನ್ನೊಂದು ಪಕ್ಷದಿಂದ ನಿಂತು ಸೋತರು. ಕೋಳಿವಾಡರ ಮಗ ಪ್ರಕಾಶ ಕೋಳಿವಾಡರು ಗೆದ್ದು ಶಾಸಕರಾದರು.

ಉಸಿರು ಬಿಡದೆ ಓದಿದಿರಾ? ನಾವು ಬದುಕಿದ್ದೂ ಹಾಗೇ, ಉಸಿರು ಬಿಡದೆ ನೋಡುತ್ತ. ಸಭಾಧ್ಯಕ್ಷರ ಪೀಠ, ಮಂತ್ರಿಯ ಸಾಲು, ಅನರ್ಹರ ಪಟ್ಟಿ, ಮೇಲ್ಮನೆ, ಕೆಳಮನೆ: ಶಾಸಕಾಂಗದಲ್ಲಿ ಎಷ್ಟು ಬಗೆಯ ಕುರ್ಚಿಗಳಿವೆಯೋ ಅಷ್ಟೂ ಕುರ್ಚಿಗಳನ್ನು ಐದು ವರ್ಷದೊಳಗೆ ನಮ್ಮ ಕ್ಷೇತ್ರದವರು ಕಂಡು ಬಂದರು. ಇಷ್ಟೆಲ್ಲ ನಡೆಯುವಾಗ ಕುಮಾರಪಟ್ಟಣಕ್ಕೆ ಏನು ಬಂತು? ಈ ಪ್ರಶ್ನೆಯನ್ನು ಇಲ್ಲಿಯ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಬರುವ ಉತ್ತರ ನಿಮಗೂ ಗೊತ್ತು. "ಯಾರ್ ಬಂದ್ರ ಏನ್ರೀ, ನಮಗೇನ್ ಮಾಡ್ತಾರ? ನಮ್ ಪಾಳಿ ನಮಗ ತಪ್ಪಂಗಿಲ್ಲ."

ನನ್ನ ತಕರಾರು ಇರುವುದು ಈ ಉತ್ತರದ ಮೇಲೆ. ಶಂಕರ್ ಒಬ್ಬರ ಮೇಲೆ ಕೆಸರೆರಚುವುದು ನನಗೆ ಬೇಕಿಲ್ಲ; ಅವರ ಲೆಕ್ಕವನ್ನು 2023ರಲ್ಲಿ ಮತದಾರರು ಚುಕ್ತಾ ಮಾಡಿದ್ದಾರೆ. ನಮ್ಮ ಲೆಕ್ಕವನ್ನು ಯಾರೂ ಕೇಳಿಲ್ಲ. ನಮ್ಮ ಹೆಸರಿನ ಕುರ್ಚಿ ಬೆಂಗಳೂರಿನಲ್ಲಿ ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದಾಗ ಈ ಹೊಳೆದಂಡೆಯಲ್ಲಿ ಒಂದು ಸಭೆ ನಡೆಯಲಿಲ್ಲ, ನಮ್ಮನ್ನು ಕೇಳದೆ ಹೇಗೆ ಹೋದಿರಿ ಎಂದು ಒಂದು ಅರ್ಜಿ ಹೋಗಲಿಲ್ಲ. ಟಿ.ವಿ.ಯಲ್ಲಿ ರೆಸಾರ್ಟಿನ ಸುದ್ದಿ ಬಂದಾಗ ಕ್ರಿಕೆಟ್ ಸ್ಕೋರ್ ನೋಡಿದಂತೆ ನೋಡಿ ಎದ್ದುಹೋದೆವು.

ಅದೇ ಉಪಚುನಾವಣೆಯ ಇನ್ನೊಂದು ಅಂಕಿ ಹೇಳುತ್ತೇನೆ. ರಾಜ್ಯದಲ್ಲಿ ಆಗ ಅನರ್ಹರಾದವರು 17 ಶಾಸಕರು. ಉಪಚುನಾವಣೆ ನಡೆದದ್ದು 15 ಕಡೆ. ಅನರ್ಹರಾದವರಲ್ಲಿ 13 ಮಂದಿ ಮತ್ತೆ ಕಣಕ್ಕಿಳಿದರು, 11 ಮಂದಿ ಗೆದ್ದರು. ನಮ್ಮ ಪಕ್ಕದ ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲರು 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, 2019ರಲ್ಲಿ ಬಿಜೆಪಿಯಿಂದ ಗೆದ್ದು ಮಂತ್ರಿಯೂ ಆದರು. 2018ರಲ್ಲಿ ಅವರೆದುರು ಬಿಜೆಪಿಯಿಂದ ನಿಂತಿದ್ದ ಯು.ಬಿ. ಬಣಕಾರರು 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಅವರನ್ನು ಸೋಲಿಸಿದರು. ಎದುರಾಳಿಗಳು ಅವರವರೇ, ಬಾವುಟ ಮಾತ್ರ ಅದಲುಬದಲು. ಹಾವೇರಿ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಎರಡು ಒಂದೇ ವರ್ಷ ಖಾಲಿಯಾದವು. ಅದೂ ಯಾವ ಜಿಲ್ಲೆ? ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಸದನದ ಒಳಗೇ ಎಣಿಸಬೇಕು, ರಾಜಭವನದಲ್ಲಲ್ಲ ಎಂಬ 1994ರ ಸುಪ್ರೀಂ ಕೋರ್ಟ್ ತೀರ್ಪು ಯಾರ ಹೆಸರಿನಲ್ಲಿದೆಯೋ ಆ ಎಸ್.ಆರ್. ಬೊಮ್ಮಾಯಿ ಹುಟ್ಟಿದ ಕಾರಡಗಿ ಇರುವ ಜಿಲ್ಲೆ. ಎಣಿಸುವ ಜಾಗ ಯಾವುದೆಂದು ಕೋರ್ಟು ಹೇಳಿತು. ಎಣಿಕೆಗೆ ಸಿಗುವ ತಲೆಗಳು ಮಾರಾಟಕ್ಕಿದ್ದರೆ ಏನು ಮಾಡಬೇಕೆಂದು ಮಾತ್ರ ನಾವೇ ತೀರ್ಮಾನಿಸಬೇಕಿತ್ತು.

ಪಕ್ಷಾಂತರ ನಿಷೇಧದ ಕಾನೂನು 1985ರಿಂದ ಇದೆ. ಶಾಸಕನ ಸ್ಥಾನ ಕಿತ್ತುಕೊಳ್ಳುವಷ್ಟು ಬಲ ಅದಕ್ಕಿದೆ. ಮತ್ತೆ ಗೆದ್ದುಬಂದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತದೆ. ಆಮೇಲಿನದು ಮತದಾರನಿಗೆ ಬಿಟ್ಟದ್ದು. ಆ 11 ಕ್ಷೇತ್ರಗಳ ಮತದಾರರು ಯಾಕೆ ಕ್ಷಮಿಸಿದರು? ಕೆಲವರಿಗೆ ಸಾಹೇಬರು ಮಂತ್ರಿಯಾದರೆ ಊರಿಗೆ ರಸ್ತೆ ಬರುತ್ತದೆ ಎಂಬ ಲೆಕ್ಕಾಚಾರ. ಕೆಲವರಿಗೆ ನಮ್ಮ ಜಾತಿಯವನು ಎಂಬ ಮಮಕಾರ. ಇನ್ನು ಕೆಲವರದು ಬಾಯಿಬಿಟ್ಟು ಹೇಳುವಂಥದ್ದಲ್ಲ, ಆದರೂ ಹೇಳಿಬಿಡುತ್ತೇನೆ.

ಮತದಾನದ ಹಿಂದಿನ ರಾತ್ರಿ ಎಂಟೂವರೆ, ಒಂಬತ್ತರ ಸುಮಾರು. ಓಣಿಯಲ್ಲಿ ಇಬ್ಬರು ಹುಡುಗರು. ಒಬ್ಬನ ಕೈಯಲ್ಲಿ ಮತದಾರರ ಪಟ್ಟಿಯ ಝೆರಾಕ್ಸು, ಮಡಿಸಿ ಮಡಿಸಿ ಅಂಚು ಹರಿದದ್ದು. ಇನ್ನೊಬ್ಬನ ಕೈಯಲ್ಲಿ ಮೊಬೈಲಿನ ಟಾರ್ಚು. ಚಪ್ಪಲಿ ಬಿಟ್ಟು ಒಳಗೆ ಬರುವುದಿಲ್ಲ, ಹೊಸ್ತಿಲಲ್ಲೇ ನಿಂತು "ಅಕ್ಕಾರ, ಮನ್ಯಾಗ ಓಟು ನಾಕೋ ಐದೋ?" ಎಂದು ಕೇಳುತ್ತಾರೆ. ದೊಡ್ಡ ಮಗ ಬೆಂಗಳೂರಿನಲ್ಲಿದ್ದಾನೆ, ಬರುವುದಿಲ್ಲ ಎಂದರೆ ಅವನ ಹೆಸರಿನ ಮುಂದೆ ಗೀಟು. ಉಳಿದವರ ಮುಂದೆ ಬಾಲ್‌ಪೆನ್ನಿನ ಟಿಕ್ಕು. ಅಜ್ಜಿಯ ಹೆಸರಿಗೂ ಟಿಕ್ಕು. ಅವಳ ಪಾಲು ಅವಳ ಕೈಗೆ ಹೋಗುವುದಿಲ್ಲ, ಸೊಸೆಯ ಕೈಗೆ. ಅರ್ಧ ತಾಸಿಗೆ ಇನ್ನೊಂದು ಪಕ್ಷದ ಇಬ್ಬರು ಹುಡುಗರು, ಅವರ ಕೈಯಲ್ಲೂ ಅದೇ ಪಟ್ಟಿ. "ಎರಡೂ ಕಡಿ ತೊಗೊಂಡು ಮನಸಿಗೆ ಬಂದವರಿಗೆ ಹಾಕ್ತೀವಿ" ಎಂದು ಜಾಣತನದಿಂದ ಹೇಳುವವರನ್ನು ಬಲ್ಲೆ. ಅಂಥವರಲ್ಲಿ ನನ್ನ ಬಂಧುಗಳೂ ಇದ್ದಾರೆ. ಆದರೆ ಮರುವರ್ಷ ಶಾಸಕರ ಕಾರು ಓಣಿಗೆ ಬಂದಾಗ, ಚರಂಡಿ ನೀರು ಅಂಗಳಕ್ಕೆ ಹರಿಯುತ್ತಿದ್ದರೂ ಮುಂದೆ ಹೋಗಿ ಮಾತಾಡಲು ಆ ಜಾಣರ ನಾಲಿಗೆ ಏಳುವುದಿಲ್ಲ. ಕಾರಿನಲ್ಲಿ ಕೂತವರಿಗೂ ಅದು ಗೊತ್ತು. ಅವರ ದೃಷ್ಟಿಯಲ್ಲಿ ವ್ಯವಹಾರ ಅಂದೇ ರಾತ್ರಿ ಮುಗಿದಿದೆ, ಬಾಕಿ ಏನೂ ಉಳಿದಿಲ್ಲ.

ದುಡ್ಡು ತೆಗೆದುಕೊಂಡವರೆಲ್ಲ ಕೆಟ್ಟವರು ಎಂದು ನಾನು ಹೇಳಲಾರೆ. ದಿನಗೂಲಿಯ ಮನೆಗೆ ಆ ನೋಟು ಒಂದು ವಾರದ ಸಂತೆ. ಆದರೆ ಪಿಂಚಣಿ ಬರುವವರು, ಕಾರ್ಖಾನೆಯಲ್ಲಿ ಕಾಯಂ ನೌಕರಿ ಇದ್ದವರು, ಎರಡಂತಸ್ತಿನ ಮನೆಯವರು ಕೂಡ ಆ ರಾತ್ರಿ ಬಾಗಿಲು ತೆರೆದಿಟ್ಟು ಕಾಯುತ್ತಾರಲ್ಲ, ಅವರಿಗೆ ಏನು ಹೇಳೋಣ? ಮೊದಲು ಬಾಗಿಲು ಮುಚ್ಚಬೇಕಾದವರು ಅವರು.

ಇನ್ನು ಹೊಳೆಯ ಮಾತಿಗೆ ಬರುತ್ತೇನೆ. ನಮ್ಮ ಪ್ರಾತಿನಿಧ್ಯ ಎಷ್ಟು ಗಟ್ಟಿ ಎಂದು ನೋಡಬೇಕಾದರೆ ತುಂಗಭದ್ರೆಯ ದಂಡೆಗೇ ಬರಬೇಕು.

ಆಚೆ ದಡದಲ್ಲಿ ಹರಿಹರ, ದಾವಣಗೆರೆ ಜಿಲ್ಲೆ. ಈಚೆ ದಡದಲ್ಲಿ ನಾವು, ಹಾವೇರಿ ಜಿಲ್ಲೆ. 1956ರ ನವೆಂಬರ್ 1ಕ್ಕೆ ಮುಂಚೆ ಆಚೆ ಮೈಸೂರು, ಈಚೆ ಮುಂಬೈ. ಆಚೆಯವರಿಗೆ 1881ರಲ್ಲೇ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಬಂತು. ಅದಕ್ಕೆ ಅಧಿಕಾರ ಇರಲಿಲ್ಲ, ಕಾನೂನು ಮಾಡುವಂತಿರಲಿಲ್ಲ. ದಸರೆಯ ಹೊತ್ತಿಗೆ ಮೈಸೂರಿಗೆ ಹೋಗಿ ದಿವಾನರ ಎದುರು ನಮ್ಮ ಕೆರೆ ಒಡೆದಿದೆ, ನಮ್ಮ ಕಂದಾಯ ಹೆಚ್ಚಾಗಿದೆ ಎಂದು ನಿಂತು ಹೇಳಲು ಒಂದು ಜಾಗ, ಅಷ್ಟೇ. ಆ ಕಾಲಕ್ಕೆ ಈಚೆ ದಡದವರಿಗೆ ಅಷ್ಟೂ ಇರಲಿಲ್ಲ. ಈಗ ಎರಡೂ ದಡಕ್ಕೆ ಶಾಸಕರಿದ್ದಾರೆ, ಸಂಸದರಿದ್ದಾರೆ, ಎರಡೂ ಕಡೆ ಜಿಲ್ಲಾಧಿಕಾರಿಗಳಿದ್ದಾರೆ. ಹೊಳೆ ಒಂದೇ ಆದ್ದರಿಂದ ಅದರ ಜವಾಬ್ದಾರಿ ಮಾತ್ರ ಈ ದಡದಿಂದ ಆ ದಡಕ್ಕೆ ಓಡಾಡುತ್ತಿರುತ್ತದೆ. ನಮ್ಮ ಬಸ್ಸು, ನಮ್ಮ ರೈಲು, ನಮ್ಮ ಸಂತೆ ಹರಿಹರದಲ್ಲಿ. ನಮ್ಮ ತಹಶೀಲ್ದಾರರು ರಾಣೆಬೆನ್ನೂರಿನಲ್ಲಿ, ಜಿಲ್ಲಾಧಿಕಾರಿ ಹಾವೇರಿಯಲ್ಲಿ. ನಮ್ಮೂರಿನ ಕಾರ್ಖಾನೆಯ ಹೆಸರು ಕೂಡ ಹರಿಹರದ್ದೇ.

ಆ ಕಾರ್ಖಾನೆ, ಹರಿಹರ ಪಾಲಿಫೈಬರ್ಸ್, 1972ರಲ್ಲಿ ಶುರುವಾಯಿತು. ನೀಲಗಿರಿ ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತಯಾರಿಸುವುದು ಅದರ ಕೆಲಸ. ಅದಕ್ಕೆ ಎರಡು ವಸ್ತು ಬೇಕು, ಕಟ್ಟಿಗೆ ಮತ್ತು ಹೊಳೆ. ಸಾವಿರಾರು ಮನೆಗಳ ಒಲೆ ಅದರಿಂದ ಉರಿದಿದೆ; ಅದನ್ನು ಮುಚ್ಚಿರೆಂದು ಹೇಳಲು ನಾನು ಬಂದಿಲ್ಲ. ಹೊಳೆ ಬತ್ತಿದ ಬೇಸಿಗೆಗಳಲ್ಲಿ ಉತ್ಪಾದನೆ ನಿಂತು, ಕಾರ್ಮಿಕರು ತಲೆಮೇಲೆ ಕೈಹೊತ್ತು ಕೂತದ್ದನ್ನು ನಾವು ನೋಡಿದ್ದೇವೆ. ಹೊಳೆ ಉಳಿದರೆ ಕಾರ್ಖಾನೆಗೂ ಉಳಿಗಾಲ.

1980ರ ದಶಕದಲ್ಲಿ ಹೊಳೆಯಲ್ಲಿ ಮೀನು ಸತ್ತು ತೇಲಿದಾಗ ಕೆಳಗಿನ ಊರುಗಳ ಜನ ಎದ್ದರು. ಅಂಬಿಗರು, ಒಕ್ಕಲಿಗರು, ಹೆಣ್ಣುಮಕ್ಕಳು. ನಮ್ಮದೇ ತಾಲ್ಲೂಕಿನ ಮೇಡ್ಲೇರಿಯಲ್ಲಿ ಕೆಲಸ ಮಾಡುತ್ತಿದ್ದ ಎಸ್.ಆರ್. ಹಿರೇಮಠರು ಮತ್ತು ಅವರ ಸಂಗಡಿಗರು 1984ರಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟಕ್ಕೆ ಹೆಗಲು ಕೊಟ್ಟಿತು. ಅದೇ ವರ್ಷ ಸರ್ಕಾರ ಈ ಕಾರ್ಖಾನೆಯ ಕಂಪನಿಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಸಂಸ್ಥೆ ಮಾಡಿತು. ಸರ್ಕಾರದ ಪಾಲು ನೂರಕ್ಕೆ 51, ಕಂಪನಿಯ ಪಾಲು 49. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನೀಲಗಿರಿ ಬೆಳೆಯಲು 30 ಸಾವಿರ ಹೆಕ್ಟೇರ್ ಭೂಮಿ. ಹಳ್ಳಿಯ ದನ ಮೇಯುವ ಜಾಗ, ಬಡವರ ಕಟ್ಟಿಗೆಯ ಜಾಗ ಅದು. ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡ ನೆಟ್ಟರು. ಕಿತ್ತಿಕೋ–ಹಚ್ಚಿಕೋ ಎಂದು ಕರೆದರು ಅದನ್ನು. 1991ರಲ್ಲಿ ಆ ಪಲ್ಪ್‌ವುಡ್ಸ್ ಸಂಸ್ಥೆ ಮುಚ್ಚಿತು.

ಈ ಕಥೆಯಲ್ಲಿ ಯಾವ ಶಾಸಕರ ಹೆಸರೂ ಬರುವುದಿಲ್ಲ, ಗಮನಿಸಿದಿರಾ? ಶಾಸಕರು ಇರಲಿಲ್ಲವೆಂದಲ್ಲ. ಭೂಮಿಯನ್ನು ಒಪ್ಪಿಸಿಕೊಟ್ಟ ಸರ್ಕಾರವೇ ಅವರೆಲ್ಲ ಸೇರಿ ಆಗಿದ್ದು. ಸದನದಲ್ಲಿ ಆಗಬೇಕಾದ ಮಾತು ಕೋರ್ಟಿನಲ್ಲಿ, ಕುಸನೂರಿನ ಬಯಲಿನಲ್ಲಿ ಆಯಿತು. ನಮ್ಮ ಹಿರಿಯರು ಓಟು ಹಾಕಿ ಮನೆಯಲ್ಲಿ ಕೂತಿದ್ದರೆ ಆ 30 ಸಾವಿರ ಹೆಕ್ಟೇರ್ ಏನಾಗುತ್ತಿತ್ತೋ ನೀವೇ ಊಹಿಸಿ.

ಈಗ 2018ಕ್ಕೆ ಬನ್ನಿ. ಆ ವರ್ಷ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ನದಿಗಳಲ್ಲಿ 351 ಭಾಗಗಳನ್ನು ಕಲುಷಿತ ಎಂದು ಗುರುತಿಸಿತು. ಕರ್ನಾಟಕದ್ದು 17. ತುಂಗಭದ್ರೆಯದೂ ಅದರಲ್ಲಿದೆ, ಹರಿಹರದಿಂದ ಮುಂಡರಗಿ ಕಡೆಯ ಕೊರ್ಲಹಳ್ಳಿಯ ತನಕ. ಅಂದರೆ ನಮ್ಮ ಊರಿನಿಂದಲೇ ಶುರು. ಐರಣಿ, ಮೇಡ್ಲೇರಿ, ಚೌಡಯ್ಯದಾನಪುರ ಎಲ್ಲ ಆ ಗೆರೆಯ ಮೇಲೇ ಬರುತ್ತವೆ. ಕಾರ್ಖಾನೆಯೊಂದನ್ನೇ ಬೊಟ್ಟುಮಾಡಿ ಕೈತೊಳೆದುಕೊಳ್ಳುವುದು ಬೇಡ. ಪೇಟೆಯ ಚರಂಡಿ, ಊರಿನ ಚರಂಡಿ ಎಲ್ಲವೂ ಹೊಳೆಗೇ ಸೇರುತ್ತಿವೆ. ಆ ವರ್ಷ ಜೂನ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದ ಅರಣ್ಯ, ಪರಿಸರ ಮತ್ತು ಜೀವಿಶಾಸ್ತ್ರ ಖಾತೆಯ ಮಂತ್ರಿ ಯಾರು? ನಮ್ಮ ಶಾಸಕ ಆರ್. ಶಂಕರ್. ತುಂಗಭದ್ರೆಯ ಈ ದಂಡೆ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಎರಡೂ ನಮ್ಮ ತಾಲ್ಲೂಕಿನವು. ಮಾಲಿನ್ಯ ನಿಯಂತ್ರಣ ಮಂಡಳಿ ಅವರ ಖಾತೆಯ ಕೆಳಗೇ. ಇಂಥ ಸುಯೋಗ ಒಂದು ಕ್ಷೇತ್ರಕ್ಕೆ ನೂರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಆ ಆರು ತಿಂಗಳಲ್ಲಿ ನಮ್ಮ ಪಂಚಾಯ್ತಿಗಳಿಂದ, ಸಂಘಗಳಿಂದ, ಯೂನಿಯನ್ನುಗಳಿಂದ, ಮಠಗಳಿಂದ, ಹೊಳೆ ನೀರಿನ ಬಗ್ಗೆ ಮಂತ್ರಿಯ ಮೇಜಿಗೆ ನೂರು ಅರ್ಜಿ ಹೋಗಬೇಕಿತ್ತು. ಬದಲಿಗೆ ನಾವು ಕಟ್ಟಿದ್ದು ಅಭಿನಂದನೆಯ ಫ್ಲೆಕ್ಸು. ಮಂತ್ರಿಯಾದವರಿಗೆ ಹಾರ ಹಾಕುವಾಗ ಒಂದು ಕೈಯಲ್ಲಿ ಅಹವಾಲು ಹಿಡಿದಿರಬೇಕೆಂಬ ರೂಢಿಯೇ ನಮ್ಮಲ್ಲಿ ಬೆಳೆದಿಲ್ಲ.

ಪ್ರತಿನಿಧಿ ಎಂದರೆ ಮತದಾರ ಹೇಳಿದ್ದನ್ನು ಒಪ್ಪಿಸುವ ಗುಮಾಸ್ತನೇ, ಇಲ್ಲ ತನ್ನ ಬುದ್ಧಿಯಿಂದ ನಡೆಯುವವನೇ ಎಂಬ ವಾದ ಹಳೆಯದು. 1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಡ್ಮಂಡ್ ಬರ್ಕ್ ಗೆದ್ದ ದಿನವೇ ಮತದಾರರ ಮುಂದೆ ನಿಂತು, ನಿಮಗೆ ನನ್ನ ವಿವೇಚನೆಯನ್ನು ಕೊಡಬಲ್ಲೆ, ನೀವು ಹೇಳಿದಂತೆ ಕುಣಿಯಲಾರೆ ಎಂಬರ್ಥದ ಮಾತು ಹೇಳಿದ. 1780ರಲ್ಲಿ ಸೋಲು ಕಣ್ಣಿಗೆ ಕಂಡಾಗ ಕಣದಿಂದ ಹಿಂದೆ ಸರಿದ. ಅವನ ವಾದವನ್ನು ಒಪ್ಪಿ ಬಿಡಿ, ಆ ಮನುಷ್ಯ ಮುಖಕ್ಕೆ ಮುಖ ಕೊಟ್ಟು ಹೇಳಿದ, ಅದರ ಬೆಲೆಯನ್ನೂ ತೆತ್ತ. ನಮ್ಮಲ್ಲಿ ಪಕ್ಷ ಬಿಟ್ಟವರು ಹೇಳುವ ಮಾತು ಒಂದೇ: ಕ್ಷೇತ್ರದ ಅಭಿವೃದ್ಧಿಗಾಗಿ. ಸರಿ ಸ್ವಾಮಿ, ಯಾವ ಅಭಿವೃದ್ಧಿ, ಎಷ್ಟು ಅನುದಾನ, ಯಾವ ಊರಿಗೆ ಎಂದು ಮರುಪ್ರಶ್ನೆ ಹಾಕಿದವರು ಯಾರು? ಹಾಕಿದ್ದರೆ ಉತ್ತರ ಬರುತ್ತಿತ್ತೋ ಇಲ್ಲವೋ ಬೇರೆ ಮಾತು. ಹಾಕಲಿಲ್ಲ.

ಇನ್ನೊಂದು ಖಾಲಿ ಕುರ್ಚಿಯ ಸುದ್ದಿ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ ಕರ್ನಾಟಕದಲ್ಲಿ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ನಾಲ್ಕು ವರ್ಷ ಕಳೆದರೂ ಚುನಾವಣೆ ಬರಲಿಲ್ಲ. ಬಿಜೆಪಿ ಸರ್ಕಾರದಲ್ಲೂ ಬರಲಿಲ್ಲ, ಕಾಂಗ್ರೆಸ್ ಸರ್ಕಾರದಲ್ಲೂ ಬರಲಿಲ್ಲ. ಈ ಒಂದು ವಿಷಯದಲ್ಲಿ ಅವರಿಬ್ಬರದು ಪಕ್ಕಾ ಒಗ್ಗಟ್ಟು. ತಾಲ್ಲೂಕಿನ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಎದುರಿಗೆ ಕೂತವರು ಅಧಿಕಾರಿಗಳು. ನಡುವೆ ಎದ್ದುನಿಂತು, ಸಾಹೇಬ್ರ, ನಮ್ಮ ಹಳ್ಳಿ ಶಾಲೆಯ ಮಾಳಿಗೆ ಸೋರುತ್ತಿದೆ ಎಂದು ಹೇಳಬೇಕಾದ ತಾಲ್ಲೂಕು ಪಂಚಾಯ್ತಿ ಸದಸ್ಯರ ಕುರ್ಚಿಯಲ್ಲಿ ಯಾರೂ ಇಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಅರ್ಧದಷ್ಟು ಸ್ಥಾನ ಮೀಸಲಿತ್ತು. ಆ ಧ್ವನಿಗಳೆಲ್ಲ ಸುಮ್ಮನಾದವು. ಶಾಸಕರಿಗೆ ಇದರಿಂದ ತೊಂದರೆ ಇಲ್ಲ, ಅನುಕೂಲವೇ ಇದೆ. ಕೆಳಗಿನ ಮೆಟ್ಟಿಲು ಕಿತ್ತಿಟ್ಟರೆ ಮೇಲೆ ಹತ್ತಿಬಂದು ಎದುರು ನಿಲ್ಲುವವರು ಕಡಿಮೆಯಾಗುತ್ತಾರೆ.

ಬ್ಯಾಡಗಿಯ ಕಡೆ ನೋಡಿ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಸುಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು. ಗೊಬ್ಬರ ಇಲ್ಲ, ದರ ಇಲ್ಲ ಎಂಬ ಮಾತು ಬೀದಿಗೆ ಬರುವ ಮೊದಲು ಸದನಕ್ಕೆ ಹೋಗಬೇಕಲ್ಲ? ಹೋಗುವ ದಾರಿ ಶಾಸಕರೇ ಅಲ್ಲವೇ? ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ಶಾಸಕಾಂಗ ತಾನೇ ಕಾನೂನು ಮಾಡಿಕೊಂಡಿದೆ. ಅಷ್ಟು ದಿನ ಸೇರಿದ ವರ್ಷಗಳು ಅಪರೂಪ. ಕೂಲಿಕಾರನೊಬ್ಬ ವರ್ಷಕ್ಕೆ 60 ದಿನವೂ ಕೆಲಸಕ್ಕೆ ಬರಲಾರೆ ಎಂದರೆ ಮೇಸ್ತ್ರಿ ಏನನ್ನುತ್ತಾನೋ ನಾವು ಅದನ್ನು ಎಂದೂ ಅನ್ನಲಿಲ್ಲ.

ಆದ್ದರಿಂದ, ಅಣ್ಣಾರ, ಅಕ್ಕಾರ, ಕೇಳುವ ಕೆಲಸ ಮುಂದಿನ ಚುನಾವಣೆಯ ಹೊತ್ತಿಗೆ ಇಟ್ಟುಕೊಳ್ಳುವುದು ಬೇಡ. ಶಾಸಕರು ಯಾವ ಪಕ್ಷದವರು, ಅವರ ತಂದೆ ಯಾರು, ನಾವು ಅವರಿಗೆ ಹಾಕಿದ್ದೆವೋ ಇಲ್ಲವೋ ಎಂಬುದನ್ನೆಲ್ಲ ಬದಿಗಿಡಿ. ಗೆದ್ದ ಮೇಲೆ ಅವರು ಓಟು ಹಾಕದವರಿಗೂ ಶಾಸಕರು. ಕಾರ್ಖಾನೆಯ ಕಾಲೊನಿಯಲ್ಲಿ ಬಾಡಿಗೆಗಿದ್ದು, ಮತದ ಚೀಟಿ ಇನ್ನೂ ತಮ್ಮ ಹುಟ್ಟೂರಿನಲ್ಲೇ ಇಟ್ಟುಕೊಂಡ ಗೆಳೆಯರಿಗೂ ಹೇಳುತ್ತೇನೆ: ಇಲ್ಲಿಯ ನೀರು ಕುಡಿಯುತ್ತೀರಿ, ನಿಮ್ಮ ಮಕ್ಕಳು ಇಲ್ಲಿಯ ಶಾಲೆಗೆ ಹೋಗುತ್ತಾರೆ, ಹೆಸರನ್ನು ಇಲ್ಲಿಯ ಪಟ್ಟಿಗೆ ತನ್ನಿ. ನಮೂನೆ 6, ನಮೂನೆ 8 ಏನೆಂದು ಬೂತ್ ಮಟ್ಟದ ಅಧಿಕಾರಿಯನ್ನು ಕೇಳಿದರೆ ಹೇಳುತ್ತಾರೆ.

ಯೂನಿಯನ್ ಮುಖಂಡರೇ, ಬೋನಸ್ಸಿನ ಮಾತುಕತೆಗೆ ನೀವು ಎಷ್ಟು ತಯಾರಿ ಮಾಡುತ್ತೀರಿ! ಹಿಂದಿನ ಮೂರು ವರ್ಷದ ಲೆಕ್ಕ, ಬೇರೆ ಘಟಕಗಳ ದರ, ಎಲ್ಲ ಕೈಯಲ್ಲಿರುತ್ತದೆ. ಅದರ ಅರ್ಧ ತಯಾರಿ ಇಟ್ಟುಕೊಂಡು ಶಾಸಕರ ಎದುರು ಕೂತಿದ್ದೀರಾ? ಸ್ವಾಮಿಗಳೇ, ನಿಮ್ಮ ಜಾತ್ರೆಯ ವೇದಿಕೆಯಲ್ಲಿ ಶಾಸಕರಿಗೆ ಶಾಲು ಹೊದಿಸುವಾಗ ಮೈಕು ನಿಮ್ಮ ಕೈಯಲ್ಲೇ ಇರುತ್ತದೆ. ಒಂದು ಮಾತು ಹೊಳೆಯ ಬಗ್ಗೆ ಆಡಿ. ಮೇಷ್ಟ್ರೇ, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಪಾಠವನ್ನು ಮಕ್ಕಳಿಗೆ ಹೇಳುತ್ತೀರಿ. ಅವರು ದಂಡಿಯವರೆಗೆ ಗಾಂಧಿಯ ಜೊತೆ ನಡೆದವರು. ಪಾಠ ಮುಗಿದ ಮೇಲೆ ಆ ಮಕ್ಕಳು ನಿಮ್ಮನ್ನು, ಸರ್, ನೀವು ಗ್ರಾಮಸಭೆಗೆ ಹೋಗ್ತೀರಾ ಎಂದು ಕೇಳಿದರೆ ಏನು ಹೇಳುತ್ತೀರಿ?

ಗ್ರಾಮಸಭೆ ಹೇಗೆ ನಡೆಯುತ್ತದೆಂದು ನಮಗೆಲ್ಲ ಗೊತ್ತು. ಪುಸ್ತಕ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತದೆ. ಸಭೆಯಲ್ಲಿ ಪಿಡಿಒ, ಸದಸ್ಯರು, ಆಶ್ರಯ ಮನೆ ಕೇಳಲು ಬಂದ ನಾಲ್ಕೈದು ಹೆಂಗಸರು, ಬಿಸ್ಕೀಟಿಗೆ ಬಂದ ಹುಡುಗರು. ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು, ಅಲ್ಲಿ ಆದ ನಿರ್ಣಯ ದಾಖಲಾಗಬೇಕು. ಇದಕ್ಕಿಂತ ಹತ್ತಿರದ ಸದನ ನಮಗೆ ಇನ್ನೊಂದಿಲ್ಲ. ಅಲ್ಲಿಂದಲೇ ಶುರುಮಾಡೋಣ. ನನ್ನ ಕಡೆಯಿಂದ ನಿರ್ಣಯದ ಕರಡು ಹೀಗಿದೆ, ತಿದ್ದಿ ಒಳ್ಳೆಯದು ಮಾಡಿ.

ರಾಣೆಬೆನ್ನೂರಿನ ಮಾನ್ಯ ಶಾಸಕರು ಮುಂದಿನ ಅಧಿವೇಶನದಲ್ಲಿ, ಅದು ಬೆಂಗಳೂರಿನಲ್ಲಾಗಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಾಗಲಿ, ಚುಕ್ಕೆ ಗುರುತಿನ ಪ್ರಶ್ನೆಯಾಗಿ ಪರಿಸರ ಮಂತ್ರಿಗಳನ್ನು ಕೇಳಬೇಕು: ಹರಿಹರದಿಂದ ಕೊರ್ಲಹಳ್ಳಿಯ ತನಕದ ತುಂಗಭದ್ರೆಯ ನೀರನ್ನು 2018ರಿಂದ ಈಚೆಗೆ ಯಾವ ಯಾವ ತಿಂಗಳು, ಎಲ್ಲೆಲ್ಲಿ ಪರೀಕ್ಷಿಸಿದ್ದೀರಿ, ಫಲಿತಾಂಶ ಏನು, ಎರಡೂ ದಂಡೆಗಳಿಂದ ಹೊಳೆಗೆ ಸೇರುವ ಚರಂಡಿ ಎಷ್ಟು, ಅವಕ್ಕೆ ಶುದ್ಧೀಕರಣ ಘಟಕ ಎಲ್ಲಿದೆ, ಅದು ನಡೆಯುತ್ತಿದೆಯೇ? ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಚುನಾವಣೆಯ ದಿನಾಂಕವನ್ನು ಯಾವಾಗ ಘೋಷಿಸುತ್ತೀರಿ ಎಂಬ ಪ್ರತ್ಯೇಕ ಪ್ರಶ್ನೆಯೊಂದನ್ನು ಪಂಚಾಯತ್ ರಾಜ್ ಮಂತ್ರಿಗಳಿಗೂ ಕೇಳಬೇಕು. ಬಂದ ಉತ್ತರಗಳ ಪ್ರತಿಯನ್ನು ಶಾಸಕರೇ ಹೊಳೆಸಾಲಿನ ಪ್ರತಿ ಪಂಚಾಯ್ತಿಗೆ ಕಳಿಸಬೇಕು, ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಮೈಕಿನಲ್ಲಿ ಓದಬೇಕು. ಐದು ವರ್ಷ ಮುಗಿಯುವ ಮೊದಲು ಪಕ್ಷ ಬಿಡುವ ಯೋಚನೆ ಬಂದರೆ, ಬಿಡುವ ಮುನ್ನ ಈ ಸಭೆಗೆ ಬಂದು ಕಾರಣ ಹೇಳಬೇಕು.

ಕೊನೆಯ ವಾಕ್ಯಕ್ಕೆ ಕಾನೂನಿನ ಬಲವಿಲ್ಲ ಎಂದು ಯಾರಾದರೂ ವಕೀಲರು ಎದ್ದು ಹೇಳುತ್ತಾರೆ. ಹೇಳಲಿ, ಹೌದು ಎನ್ನಿ, ಆ ವಾಕ್ಯವನ್ನು ಹಾಗೇ ಉಳಿಸಿ ಸಹಿ ಹಾಕಿ. ಸಭೆಯ ದಿನಾಂಕ ಪಂಚಾಯ್ತಿಯ ನೋಟಿಸ್ ಬೋರ್ಡಿನಲ್ಲಿರುತ್ತದೆ. ಇರದಿದ್ದರೆ ಒಳಗೆ ಹೋಗಿ ಕೇಳಿ, ಬರೆಸಿ. ಬೆಳಗಿನ ಪಾಳಿ ಮುಗಿಸಿ ಬರುವವರು ಟಿಫನ್ ಡಬ್ಬಿಯ ಸಮೇತ ಸೀದಾ ಅಲ್ಲಿಗೇ ಬನ್ನಿ. ಮನೆಗೆ ಹೋಗಿ ಬರುತ್ತೇನೆ ಎಂದವರು ಬರುವುದಿಲ್ಲ.